ಹುಲ್ಲಿನ ಗುರುತು, ಹುಲ್ಲಿನ ಕಾಲ

ಹುಲ್ಲುಹಾಸಿಗೆ ಬಳಕೆಯಾಗುವ ಹುಲ್ಲುಗಳನ್ನು ಸಸ್ಯಶಾಸ್ತ್ರಜ್ಞರೂ ತೋಟಗಾರಿಕೆಯ ತಜ್ಞರೂ ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸುತ್ತಾರೆ. ಉಷ್ಣತೆಯು 15ರಿಂದ 24 ಡಿಗ್ರಿ ಸೆಲ್ಸಿಯಸ್‌ ಇರುವಾಗ ಹುಲುಸಾಗಿ ಬೆಳೆದು ಬಿರುಬೇಸಗೆಯಲ್ಲಿ ಸೊರಗುವ ತಂಪುಕಾಲದ ಹುಲ್ಲುಗಳದು ಒಂದು ಗುಂಪಾದರೆ, 27ರಿಂದ 35 ಡಿಗ್ರಿಯ ಬಿಸಿಲಿನಲ್ಲಿ ಹಬ್ಬಿ ಚಳಿ ಬಲಿತಾಗ ಬಣ್ಣ ಕಳೆದುಕೊಂಡು ಸುಪ್ತವಾಗುವ ಬಿಸಿಕಾಲದ ಹುಲ್ಲುಗಳದು ಇನ್ನೊಂದು ಗುಂಪು. ಮಂಡ್ಯ ಜಿಲ್ಲೆಯ ಹೊಲದ ಬದು, ನಾಲೆಯ ಏರಿ, ದೇವಸ್ಥಾನದ ಅಂಗಳಗಳಲ್ಲಿ ಯಾರೂ ನೆಡದೆ ತಾನಾಗಿ ಹಬ್ಬುವ ಗರಿಕೆಯು ಎರಡನೆಯ ಗುಂಪಿಗೆ ಸೇರಿದ್ದು. ಇಂಗ್ಲೆಂಡ್, ಕೆನಡಾ, ಅಮೆರಿಕದ ಉತ್ತರ ಭಾಗದ ರಾಜ್ಯಗಳಲ್ಲಿ ಮನೆಗಳ ಮುಂದೆ ಕಾಣುವ ದಟ್ಟವಾದ ಮೆತ್ತನೆಯ ಹಸಿರು ಬಹುಮಟ್ಟಿಗೆ ಮೊದಲನೆಯ ಗುಂಪಿನದು. ಹುಲ್ಲು ಯಾವ ಗುಂಪಿನದೆಂದು ಗುರುತಿಸದೆ, ಒಂದಕ್ಕೆ ಒಪ್ಪುವ ಆರೈಕೆಯನ್ನು ಇನ್ನೊಂದಕ್ಕೆ ಮಾಡುವುದೇ ಹುಲ್ಲುಹಾಸುಗಳು ಕೆಡುವ ಮುಖ್ಯ ಕಾರಣಗಳಲ್ಲಿ ಒಂದು. ಆದ್ದರಿಂದ ಗೊಬ್ಬರ, ನೀರು, ಕತ್ತರಿಗಳ ಮಾತು ಬರುವ ಮೊದಲು ಗುರುತಿನ ಮಾತು ಬರಬೇಕು.

ಕಿರಂಗೂರು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದಂಥ ಬಿಸಿಲ ಸೀಮೆಯ ಜನರಿಗೆ ತಂಪುಕಾಲದ ಹುಲ್ಲಿನ ವಿಚಾರವೇಕೆ ಎಂಬ ಪ್ರಶ್ನೆ ಸಹಜವಾಗಿದ್ದರೂ ಅದಕ್ಕೆ ಉತ್ತರ ದೂರವಿಲ್ಲ. ಈ ಭಾಗದ ಅನೇಕ ಮನೆಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ್ದಾರೆ. ಕೃಷ್ಣರಾಜಸಾಗರದ ಉದ್ಯಾನದ ಹೆಸರನ್ನೇ ಹೊತ್ತ ‘ಬೃಂದಾವನ’ ಎಂಬ ಕನ್ನಡ ಕೂಟವೊಂದು ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಅಲ್ಲಿನ ಕನ್ನಡ ಕುಟುಂಬಗಳಿಗೆ ಮನೆಯ ಮುಂದಿನ ಹುಲ್ಲನ್ನು ಕ್ರಮವಾಗಿ ಕತ್ತರಿಸಿ ಇಟ್ಟುಕೊಳ್ಳುವುದು ನಿತ್ಯದ ಹೊಣೆಗಾರಿಕೆ, ಏಕೆಂದರೆ ಅಲ್ಲಿನ ಅನೇಕ ಊರಾಡಳಿತಗಳು ಹುಲ್ಲು ಮಿತಿಮೀರಿ ಬೆಳೆಯದಂತೆ ನಿಯಮ ಮಾಡಿವೆ. ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳಿದ್ದು ಬರುವ ತಂದೆತಾಯಿಗಳಿಗೆ ಆ ಹಾಸಿನ ಸೊಗಸು ಹಿಡಿಸುತ್ತದೆ, ಹಿಂತಿರುಗಿದಾಗ ಅಂಥದ್ದೇ ಹಾಸು ತಮ್ಮ ಅಂಗಳದಲ್ಲೂ ಇರಬೇಕೆಂಬ ಆಸೆ ಮೂಡುತ್ತದೆ, ಬಣ್ಣದ ಚಿತ್ರವಿರುವ ಬೀಜದ ಪೊಟ್ಟಣವೂ ಸುಲಭವಾಗಿ ಕೈಗೆ ಸಿಗುತ್ತದೆ. ಆಸೆಯಲ್ಲಿ ದೋಷವಿಲ್ಲ, ಆದರೆ ಪೊಟ್ಟಣದೊಳಗಿನ ಬೀಜವು ಯಾವ ಹವೆಯನ್ನು ಕೇಳುತ್ತದೆ ಎಂಬುದು ತಿಳಿಯದಿದ್ದರೆ ಹಣವೂ ಶ್ರಮವೂ ಒಂದೇ ಬೇಸಗೆಯಲ್ಲಿ ವ್ಯರ್ಥವಾಗುತ್ತವೆ.

ಎರಡು ಗುಂಪುಗಳ ನಡುವಿನ ಭೇದವು ಹುಲ್ಲಿನ ಎಲೆಯೊಳಗಿನ ರಸಾಯನ ಕ್ರಿಯೆಯಲ್ಲಿದೆ. ಎಲ್ಲ ಹಸಿರು ಗಿಡಗಳೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಬಿಸಿಲಿನ ಶಕ್ತಿಯಿಂದ ಸಕ್ಕರೆಯಾಗಿ ಮಾರ್ಪಡಿಸುತ್ತವೆ, ಮತ್ತು ಹಿಡಿಯುವ ಈ ಕೆಲಸವನ್ನು ರುಬಿಸ್ಕೊ ಎಂಬ ಕಿಣ್ವವು, ಅಂದರೆ ಜೀವಕೋಶದೊಳಗಿನ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು, ನಡೆಸುತ್ತದೆ. ಈ ಕಿಣ್ವವು ಕೆಲವೊಮ್ಮೆ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಹಾಗಾದಾಗ ಗಿಡವು ಆಗಲೇ ಕೂಡಿಸಿಕೊಂಡಿದ್ದ ಇಂಗಾಲದ ಒಂದು ಭಾಗ ಹೊರಗೆ ಹೋಗುತ್ತದೆ, ಮತ್ತು ಬಿಸಿಲು ಏರಿದಷ್ಟೂ ಈ ನಷ್ಟ ಹೆಚ್ಚುತ್ತದೆ. ತಂಪುಕಾಲದ ಹುಲ್ಲುಗಳಲ್ಲಿ ಈ ನಷ್ಟವನ್ನು ತಡೆಯುವ ಏರ್ಪಾಡಿಲ್ಲ. ಅವುಗಳಲ್ಲಿ ಮೊದಲು ಉತ್ಪನ್ನವಾಗುವ ಸಂಯುಕ್ತದಲ್ಲಿ ಮೂರು ಇಂಗಾಲದ ಪರಮಾಣುಗಳಿರುವುದರಿಂದ ಅವುಗಳನ್ನು ಸಿ-3 ಸಸ್ಯಗಳೆಂದು ಕರೆಯುತ್ತಾರೆ. ಬಿಸಿಕಾಲದ ಹುಲ್ಲುಗಳಾದರೋ ಇಂಗಾಲದ ಡೈಆಕ್ಸೈಡನ್ನು ಮೊದಲು ನಾಲ್ಕು ಇಂಗಾಲದ ಪರಮಾಣುಗಳ ಆಮ್ಲವಾಗಿ ಹಿಡಿದು, ಎಲೆಯ ನಾಳಗಳನ್ನು ಸುತ್ತಿರುವ ವಿಶೇಷ ಕೋಶಗಳಿಗೆ ಸಾಗಿಸಿ, ಅಲ್ಲಿ ಅದನ್ನು ದಟ್ಟವಾಗಿ ಬಿಡುಗಡೆ ಮಾಡುತ್ತವೆ. ಹೀಗೆ ಕಿಣ್ವದ ಸುತ್ತ ಇಂಗಾಲದ ಡೈಆಕ್ಸೈಡೇ ತುಂಬಿರುವುದರಿಂದ ಬಿರುಬಿಸಿಲಿನಲ್ಲೂ ನಷ್ಟ ಅತ್ಯಲ್ಪ. ಇವು ಸಿ-4 ಸಸ್ಯಗಳು.

ಈ ಎರಡನೆಯ ಮಾರ್ಗವು ವಿಜ್ಞಾನಕ್ಕೆ ಗೋಚರವಾದದ್ದು ಮಂಡ್ಯದ ಜನಕ್ಕೆ ಬಹಳ ಹತ್ತಿರದ ಬೆಳೆಯಾದ ಕಬ್ಬಿನಲ್ಲಿ. 1965ರಲ್ಲಿ ಹವಾಯಿಯ ಕಾರ್ಟ್‌ಶಾಕ್ ಮತ್ತು ಸಂಗಡಿಗರು ಕಬ್ಬಿನ ಎಲೆಯಲ್ಲಿ ನಾಲ್ಕು ಇಂಗಾಲದ ಆಮ್ಲಗಳು ಮೊದಲು ಕಾಣಿಸಿಕೊಳ್ಳುವುದನ್ನು ವರದಿ ಮಾಡಿದರು. 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಅದರ ಮಾರ್ಗವನ್ನು ಬಿಡಿಸಿ ತೋರಿಸಿದರು. ಕನ್ನಂಬಾಡಿಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬು ಈ ಜಿಲ್ಲೆಯ ಬದುಕನ್ನೇ ಬದಲಿಸಿತೆಂಬುದು ಎಲ್ಲರಿಗೂ ತಿಳಿದದ್ದು. ಕಬ್ಬು, ರಾಗಿ, ಮುಸುಕಿನ ಜೋಳ, ಗರಿಕೆ ಇವೆಲ್ಲವೂ ಸಿ-4 ಹುಲ್ಲುಗಳೇ. ಅದೇ ನಾಲೆಯ ಬಯಲಿನಲ್ಲಿ ಕಬ್ಬಿನ ಪಕ್ಕದ ಗದ್ದೆಯಲ್ಲಿ ಬೆಳೆಯುವ ಭತ್ತವು ಸಿ-3 ಹುಲ್ಲು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ತಂಪುಕಾಲದ ಹುಲ್ಲುಗಳೆಲ್ಲ ಸಿ-3 ಆದರೂ ಸಿ-3 ಹುಲ್ಲುಗಳೆಲ್ಲ ತಂಪುಕಾಲದವಲ್ಲ. ಭತ್ತವು ನೀರು ನಿಂತ ಬೆಚ್ಚನೆಯ ನೆಲಕ್ಕೆ ಸಾವಿರಾರು ವರ್ಷಗಳಿಂದ ಹೊಂದಿಕೊಂಡ ಹುಲ್ಲು. ಆದ್ದರಿಂದ ಭತ್ತ ಬೆಳೆಯುವ ನೆಲದಲ್ಲಿ ಇಂಗ್ಲೆಂಡಿನ ಹುಲ್ಲೂ ಬೆಳೆದೀತೆಂಬ ತರ್ಕ ನಿಲ್ಲುವುದಿಲ್ಲ.

ಹವೆಗೆ ಅನುಗುಣವಾಗಿ ಈ ಎರಡು ಬಗೆಯ ಸಸ್ಯಗಳ ಪಾಲು ಬದಲಾಗುತ್ತಿರುತ್ತದೆ ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಸೊಗಸಾದ ಸಾಕ್ಷ್ಯವಿದೆ. ಸಿ-3 ಮತ್ತು ಸಿ-4 ಸಸ್ಯಗಳು ಇಂಗಾಲದ ಭಾರವಾದ ಮತ್ತು ಹಗುರವಾದ ಪರಮಾಣುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಡಿಯುವುದರಿಂದ, ಸತ್ತು ಮಣ್ಣಾದ ಸಸ್ಯದಲ್ಲೂ ಆ ಗುರುತು ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ನೆಲದಲ್ಲಿ ಪದರ ಪದರವಾಗಿ ಕೂಡಿದ್ದ ಸಸ್ಯಾವಶೇಷವನ್ನು ಪರೀಕ್ಷಿಸಿ, ಸುಮಾರು 20 ಸಾವಿರ ವರ್ಷಗಳಲ್ಲಿ ಹವೆ ಬದಲಾದಂತೆ ಈ ಎರಡು ಗುಂಪುಗಳ ಪಾಲು ಮತ್ತೆ ಮತ್ತೆ ಏರಿಳಿದುದನ್ನು 1993ರಲ್ಲಿ ಪ್ರಕಟಿಸಿದರು. ಹುಲ್ಲಿನ ಗುಂಪು ತೋಟಗಾರನ ಇಷ್ಟಕ್ಕೆ ಬಗ್ಗುವ ಸಂಗತಿಯಲ್ಲ, ಅದು ಹವೆಯ ತೀರ್ಮಾನ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಗುರುತಿನ ವಿಷಯ. ಹುಲ್ಲನ್ನು ಬಣ್ಣದಿಂದ ಗುರುತಿಸಲಾಗದು, ಏಕೆಂದರೆ ಗೊಬ್ಬರ, ನೆರಳು, ನೀರುಗಳಿಂದ ಬಣ್ಣ ಬದಲಾಗುತ್ತದೆ. ತೆನೆಯಿಂದ ಗುರುತಿಸುವುದು ಖಚಿತವಾದರೂ ಪದೇ ಪದೇ ಕತ್ತರಿಸುವ ಹಾಸಿನಲ್ಲಿ ತೆನೆ ಕಾಣುವುದು ಅಪರೂಪ. ಆದ್ದರಿಂದ ನೋಡಬೇಕಾದದ್ದು ಎಲೆ ಕಾಂಡಕ್ಕೆ ಕೂಡುವ ಜಾಗವನ್ನು. ಹುಲ್ಲಿನ ಎಲೆಗೆ ಎರಡು ಭಾಗಗಳಿವೆ: ಕಾಂಡವನ್ನು ಸುತ್ತಿಕೊಂಡಿರುವ ಎಲೆಕವಚ ಮತ್ತು ಅದರಿಂದ ಹೊರಚಾಚಿರುವ ಎಲೆಯ ಅಲಗು. ಇವೆರಡೂ ಸೇರುವ ಕಡೆ ಒಳಮೈಯಲ್ಲಿ ತೆಳುವಾದ ಪೊರೆಯೋ ಕೂದಲಿನ ಸಾಲೋ ಎದ್ದಿರುತ್ತದೆ, ಅದನ್ನು ನಾಲಿಗೆ ಎನ್ನುತ್ತಾರೆ. ಅಲಗಿನ ಬುಡದಿಂದ ಎರಡು ಕಡೆಗೂ ಚಾಚಿ ಕಾಂಡವನ್ನು ಅಪ್ಪುವ ಪುಟ್ಟ ಮಡಿಕೆಗಳಿದ್ದರೆ ಅವು ಕಿವಿಗಳು. ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು, ಎಳೆಯದಾಗಿರುವಾಗ ಭತ್ತದ ಪೈರನ್ನೇ ಹೋಲುವ ಊದಲು ಜಾತಿಯ ಕಳೆಯನ್ನು ಕ್ಷಣಮಾತ್ರದಲ್ಲಿ ಬೇರ್ಪಡಿಸುತ್ತಾರೆ. ಭತ್ತಕ್ಕೆ ಉದ್ದನೆಯ ನಾಲಿಗೆಯೂ ಕಿವಿಗಳೂ ಇವೆ, ಆ ಕಳೆಗೆ ಎರಡೂ ಇಲ್ಲ ಎಂಬುದು ಸಸ್ಯಶಾಸ್ತ್ರದ ಗ್ರಂಥಗಳು ಕೊಡುವ ಲಕ್ಷಣ. ಗದ್ದೆಯಲ್ಲಿ ಪಳಗಿದ ಕಣ್ಣಿಗೆ ಹುಲ್ಲುಹಾಸಿನ ಪರೀಕ್ಷೆ ಕಷ್ಟವಲ್ಲ; ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರವೊಂದಿದ್ದರೆ ಸಾಕು.

ನಾಲಿಗೆ ಮತ್ತು ಕಿವಿಗಳ ಜೊತೆಗೆ ಇನ್ನೆರಡು ಲಕ್ಷಣಗಳನ್ನು ಗಮನಿಸಬೇಕು. ಎಳೆಯ ಎಲೆ ಕವಚದೊಳಗೆ ನಡುವೆ ಮಡಚಿಕೊಂಡಿದೆಯೇ ಅಥವಾ ಸುರುಳಿ ಸುತ್ತಿಕೊಂಡಿದೆಯೇ ಎಂಬುದು ಮೊದಲನೆಯದು. ತೆಂಡೆಯ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊರಳಿಸಿದಾಗ ಚಪ್ಪಟೆಯೆನಿಸಿದರೆ ಮಡಚಿದ್ದು, ದುಂಡೆನಿಸಿದರೆ ಸುತ್ತಿದ್ದು. ಹುಲ್ಲು ಹರಡುವ ರೀತಿ ಎರಡನೆಯದು: ಕೆಲವು ಭತ್ತದಂತೆ ಬುಡದಲ್ಲೇ ತೆಂಡೆಯೊಡೆದು ಬುಡಬುಡವಾಗಿ ನಿಲ್ಲುತ್ತವೆ, ಕೆಲವು ನೆಲದ ಮೇಲೆ ಹಂಬು ಬಿಟ್ಟು ಗೆಣ್ಣುಗೆಣ್ಣಿಗೂ ಬೇರೂರುತ್ತವೆ, ಇನ್ನು ಕೆಲವು ನೆಲದೊಳಗೇ ಕಾಂಡವನ್ನು ಚಾಚಿ ದೂರದಲ್ಲಿ ಮೇಲೇಳುತ್ತವೆ.

ಈ ಲಕ್ಷಣಗಳನ್ನು ಕೂಡಿಸಿ ನೋಡಿದಾಗ ತಂಪುಕಾಲದ ಮುಖ್ಯ ಹುಲ್ಲುಗಳು ಒಂದೊಂದಾಗಿ ಬೇರ್ಪಡುತ್ತವೆ. ಕೆಂಟಕಿ ಬ್ಲೂಗ್ರಾಸ್ ಎಂಬ ಹೆಸರಿನ ಹುಲ್ಲು, 1753ರಲ್ಲಿ ಲಿನೇಯಸ್ ಪೋವಾ ಪ್ರಾಟೆನ್ಸಿಸ್ ಎಂದು ಹೆಸರಿಸಿದ್ದು, ಅಮೆರಿಕದ ಹೆಸರು ಹೊತ್ತಿದ್ದರೂ ಮೂಲತಃ ಯುರೋಪು ಮತ್ತು ಏಷ್ಯದ ಹುಲ್ಲು. ಹಿಮಾಲಯದ ತಪ್ಪಲಿನ ಕಾಶ್ಮೀರದಲ್ಲೂ ಬೆಳೆಯುತ್ತದೆ. ಇದರ ಎಳೆಯ ಎಲೆ ಮಡಚಿರುತ್ತದೆ, ಕಿವಿಗಳಿಲ್ಲ, ನಾಲಿಗೆ ಗಿಡ್ಡ. ಎಲೆಯ ತುದಿ ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿರುವುದೂ, ನಡುನರದ ಎರಡು ಪಕ್ಕಕ್ಕೂ ಬೆಳಕಿಗೆ ಹಿಡಿದಾಗ ಕಾಣುವ ಎರಡು ತಿಳಿಗೆರೆಗಳಿರುವುದೂ, ನೆಲದೊಳಗೆ ಕಾಂಡ ಚಾಚುವುದೂ ಇದರ ಖಚಿತ ಗುರುತುಗಳು. ಅದರ ಹತ್ತಿರದ ಸಂಬಂಧಿಯಾದ ಪೋವಾ ಆನ್ಯುವಾ ಎಂಬ ವಾರ್ಷಿಕ ಹುಲ್ಲಿಗೂ ದೋಣಿಮೂತಿಯ ತುದಿಯಿದೆ, ಆದರೆ ಅದರ ಬಣ್ಣ ತೆಳು ಹಸಿರು, ನಾಲಿಗೆ ಉದ್ದ, ಮತ್ತು ಎಷ್ಟು ಗಿಡ್ಡಕ್ಕೆ ಕತ್ತರಿಸಿದರೂ ಬಿಳಿಚಿದ ತೆನೆ ಬಿಡುತ್ತಲೇ ಇರುತ್ತದೆ. ಅಂಟಾರ್ಕ್ಟಿಕದ ಕಿಂಗ್ ಜಾರ್ಜ್ ದ್ವೀಪದಲ್ಲೂ ನೆಲೆಯೂರಿರುವ ಈ ಹುಲ್ಲನ್ನು ಹಾಸಿನ ಆರೈಕೆ ಮಾಡುವವರು ಕಳೆಯೆಂದೇ ಎಣಿಸುತ್ತಾರೆ. ಬಹುವಾರ್ಷಿಕ ರೈ ಹುಲ್ಲಿನ ಎಲೆಯ ಹಿಂಬದಿ ಎಣ್ಣೆ ಸವರಿದಷ್ಟು ಹೊಳೆಯುತ್ತದೆ, ಬುಡ ಕೆಂಪಗಿರುತ್ತದೆ, ಎಳೆಯೆಲೆ ಮಡಚಿರುತ್ತದೆ. ಟಾಲ್ ಫೆಸ್ಕ್ಯೂ ಎಂಬುದರ ಎಲೆ ಅಗಲ, ಒರಟು, ಮೇಲ್ಮೈಯಲ್ಲಿ ಏರಿದ ನರಗಳು, ಅಂಚಿನಲ್ಲಿ ಬೆರಳಿಗೆ ತಾಕುವ ಸೂಕ್ಷ್ಮ ಹಲ್ಲುಗಳು. ಎಳೆಯೆಲೆ ಸುತ್ತಿರುತ್ತದೆ, ಹುಲ್ಲು ಬುಡಬುಡವಾಗಿ ನಿಲ್ಲುತ್ತದೆ. ಬೆಂಟ್ ಹುಲ್ಲು ಬಹಳ ನವುರಾದ ಎಲೆಯದು, ಹಂಬು ಬಿಟ್ಟು ಹರಡುವಂಥದು, ಗಾಲ್ಫ್ ಆಟದ ಕುಳಿಗಳ ಸುತ್ತ ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ ಬೆಳೆಸುವಂಥದು.

ಇವುಗಳ ಎದುರಿಗೆ ಗರಿಕೆಯನ್ನು ಇಟ್ಟು ನೋಡಿದರೆ ಭೇದ ಎದ್ದು ಕಾಣುತ್ತದೆ. ಗರಿಕೆಯ ನಾಲಿಗೆ ಪೊರೆಯಲ್ಲ, ಬಿಳಿಯ ಕೂದಲುಗಳ ಸಾಲು, ಕಿವಿಗಳಿಲ್ಲ, ಎಲೆ ಚಿಕ್ಕದು, ತುದಿ ಚೂಪು, ನೆಲದ ಮೇಲೆ ಹಂಬನ್ನೂ ನೆಲದೊಳಗೆ ಕಾಂಡವನ್ನೂ ಒಟ್ಟಿಗೇ ಚಾಚುತ್ತದೆ. ತೆನೆಯು ಒಂದೇ ಬಿಂದುವಿನಿಂದ ಬೆರಳುಗಳಂತೆ ಕವಲೊಡೆದಿರುವುದನ್ನು ಕಂಡವರಿಗೆ ರಾಗಿಯ ತೆನೆ ನೆನಪಾಗುವುದು ಆಕಸ್ಮಿಕವಲ್ಲ, ಎರಡೂ ಹುಲ್ಲಿನ ಕುಟುಂಬದ ಒಂದೇ ಉಪಕುಟುಂಬಕ್ಕೆ ಸೇರಿದವು. ಗಣಪತಿಯ ಪೂಜೆಗೆ ಮನೆಮನೆಯಲ್ಲೂ ಕಿತ್ತು ತರುವ ಈ ಹುಲ್ಲೇ ಜಗತ್ತಿನ ಬೆಚ್ಚನೆಯ ದೇಶಗಳ ಆಟದ ಮೈದಾನಗಳಿಗೆ ಬರ್ಮುಡಾ ಎಂಬ ಹೆಸರಿನಲ್ಲಿ ಮುಖ್ಯ ಆಧಾರವಾಗಿದೆ ಎಂಬುದನ್ನು ಈ ಸೀಮೆಯ ಜನ ಅಭಿಮಾನದಿಂದ ನೆನೆಯಬೇಕು.

ತಂಪುಕಾಲದ ಹುಲ್ಲಿನ ಆರೈಕೆಯು ಅದರ ಸ್ವಂತ ಪಂಚಾಂಗವನ್ನು ಅನುಸರಿಸುತ್ತದೆ. ನ್ಯೂಜೆರ್ಸಿಯಂಥ ಕಡೆ ಅದು ವರ್ಷಕ್ಕೆ ಎರಡು ಬಾರಿ, ವಸಂತದಲ್ಲಿ ಮತ್ತು ಬೇಸಗೆ ಇಳಿದ ಮೇಲಿನ ಶರತ್ಕಾಲದಲ್ಲಿ, ಬಿರುಸಾಗಿ ಬೆಳೆಯುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಿಮ್ಮೆಟ್ಟುತ್ತದೆ. ಬೇರಂತೂ ಮಣ್ಣು 10ರಿಂದ 18 ಡಿಗ್ರಿಯಷ್ಟು ತಣ್ಣಗಿರುವಾಗ ಮಾತ್ರ ಹುರುಪಿನಿಂದ ಬೆಳೆಯುತ್ತದೆ. ಈ ಕಾರಣದಿಂದ ಬಿತ್ತನೆಗೆ ಉತ್ತಮ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ: ಮಣ್ಣು ಇನ್ನೂ ಬೆಚ್ಚಗಿದ್ದು ಮೊಳಕೆ ಬೇಗ ಬರುತ್ತದೆ, ಮುಂದೆ ಬರುವ ತಂಪಿನಲ್ಲಿ ಬೇರು ಇಳಿಯುತ್ತದೆ, ಬೇಸಗೆಯ ಕಳೆಗಳ ಹಾವಳಿಯೂ ತಗ್ಗಿರುತ್ತದೆ. ರೈ ಹುಲ್ಲು 5ರಿಂದ 10 ದಿನಗಳಲ್ಲಿ ಮೊಳೆತರೆ ಬ್ಲೂಗ್ರಾಸ್ 14ರಿಂದ 28 ದಿನ ತೆಗೆದುಕೊಳ್ಳುತ್ತದೆ. ಇದನ್ನು ತಿಳಿಯದವರು ಎರಡನೆಯ ವಾರದಲ್ಲೇ ಬೀಜ ಸತ್ತಿತೆಂದು ನೀರು ನಿಲ್ಲಿಸಿ, ಮೊಳೆಯಲಿದ್ದ ಬೀಜವನ್ನು ಕೊಂದುಬಿಡುತ್ತಾರೆ. ಬೀಜದ ಪ್ರಮಾಣದಲ್ಲೂ ಅಂತರವಿದೆ: ಬ್ಲೂಗ್ರಾಸಿನ ಬೀಜ ಬಹಳ ಸಣ್ಣದಾದ್ದರಿಂದ ಚದರ ಮೀಟರಿಗೆ 10ರಿಂದ 15 ಗ್ರಾಂ ಸಾಕು, ಫೆಸ್ಕ್ಯೂವಿಗೆ 30ರಿಂದ 40 ಗ್ರಾಂ ಬೇಕು.

ಕತ್ತರಿಸುವುದರಲ್ಲಿ ಒಂದು ನಿಯಮ ಎಲ್ಲ ಹುಲ್ಲುಗಳಿಗೂ ಸಮಾನ: ಒಮ್ಮೆಗೆ ಎಲೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಏಕೆಂದರೆ ಎಲೆ ಹೆಚ್ಚು ಹೋದಷ್ಟೂ ಬೇರಿನ ಬೆಳವಣಿಗೆ ನಿಲ್ಲುತ್ತದೆ. ಎತ್ತರ ಮಾತ್ರ ಹುಲ್ಲಿನಿಂದ ಹುಲ್ಲಿಗೆ ಬೇರೆ. ಬ್ಲೂಗ್ರಾಸನ್ನು 6ರಿಂದ 9 ಸೆಂಟಿಮೀಟರ್, ಫೆಸ್ಕ್ಯೂವನ್ನು 7ರಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಬಿಡುವುದು ವಾಡಿಕೆ. ಬೇಸಗೆಯಲ್ಲಿ ಇನ್ನಷ್ಟು ಎತ್ತರ ಬಿಟ್ಟರೆ ಮಣ್ಣಿಗೆ ನೆರಳಾಗುತ್ತದೆ. ಸಾರಜನಕದ ಗೊಬ್ಬರದ ಮುಖ್ಯ ಪಾಲನ್ನು ಶರತ್ಕಾಲದಲ್ಲಿ ಕೊಡಬೇಕು. ನಡುಬೇಸಗೆಯಲ್ಲಿ ಕೊಟ್ಟರೆ ಸೊರಗಿರುವ ಹುಲ್ಲು ಮೆದುವಾದ ಎಲೆಯನ್ನು ಚಾಚಿ ತನ್ನ ಸಂಗ್ರಹವನ್ನೆಲ್ಲ ಕಳೆದುಕೊಳ್ಳುತ್ತದೆ, ಬೂಷ್ಟು ರೋಗಗಳಿಗೆ ಬಲಿಯಾಗುತ್ತದೆ.

ಈ ರೋಗಗಳ ವಿಷಯದಲ್ಲಿ ಮಂಡ್ಯದ ರೈತನಿಗೆ ಅಪರಿಚಿತವಾದದ್ದು ಬಹಳವಿಲ್ಲ. ಬೆಚ್ಚನೆಯ ತೇವದ ರಾತ್ರಿಗಳಲ್ಲಿ ಫೆಸ್ಕ್ಯೂ ಹಾಸಿನ ಮೇಲೆ ವೃತ್ತಾಕಾರದ ಕಂದು ಮಚ್ಚೆಗಳನ್ನು ಎಬ್ಬಿಸುವ ರೈಜೊಕ್ಟೋನಿಯ ಸೊಲಾನಿ ಎಂಬ ಶಿಲೀಂಧ್ರವೇ ಭತ್ತದಲ್ಲಿ ಎಲೆಕವಚದ ಅಂಗಮಾರಿಯನ್ನು ತರುವುದು. ರೈ ಹುಲ್ಲಿನ ಎಲೆಯಲ್ಲಿ ಬೂದು ಚುಕ್ಕೆಗಳನ್ನು ಮೂಡಿಸಿ ಕೆಲವೇ ದಿನಗಳಲ್ಲಿ ಹಾಸನ್ನು ಒಣಗಿಸುವ ಪಿರಿಕ್ಯುಲೇರಿಯವು ಭತ್ತದ ಮತ್ತು ರಾಗಿಯ ಬೆಂಕಿ ರೋಗಕ್ಕೆ ಕಾರಣವಾದ ಶಿಲೀಂಧ್ರದ ಬಳಗದ್ದು. ಒಂದೊಂದು ಹುಲ್ಲಿಗೆ ಅದರ ಒಂದೊಂದು ಒಳತಳಿ ಹೊಂದಿಕೊಂಡಿರುತ್ತದೆ. ಗದ್ದೆಯಲ್ಲಿ ಯೂರಿಯ ಅತಿಯಾದರೆ ಬೆಂಕಿ ರೋಗ ಏರುತ್ತದೆ ಎಂಬ ಅನುಭವದ ಮಾತು ಹುಲ್ಲುಹಾಸಿಗೂ ಅನ್ವಯಿಸುತ್ತದೆ. ಸಂಜೆಯ ವೇಳೆ ನೀರು ಹಾಯಿಸಿದರೆ ಎಲೆ ಇಡೀ ರಾತ್ರಿ ಒದ್ದೆಯಾಗಿದ್ದು ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ಬೆಳಗಿನ ಜಾವದಲ್ಲಿ ಹಾಯಿಸಿದರೆ ಬಿಸಿಲೇರುತ್ತಿದ್ದಂತೆ ಎಲೆ ಒಣಗುತ್ತದೆ.

ದನ ಸಾಕುವ ಮನೆಗಳು ತಿಳಿಯಲೇಬೇಕಾದ ಇನ್ನೊಂದು ಸಂಗತಿಯಿದೆ. ಅಮೆರಿಕದ ಕೆಂಟಕಿಯ ಒಂದು ಗುಡ್ಡದ ಹೊಲದಲ್ಲಿ 1931ರಲ್ಲಿ ಗುರುತಿಸಲ್ಪಟ್ಟು 1943ರಲ್ಲಿ ಬಿಡುಗಡೆಯಾದ ‘ಕೆಂಟಕಿ 31’ ಎಂಬ ಫೆಸ್ಕ್ಯೂ ತಳಿಯು ಬರವನ್ನೂ ತುಳಿತವನ್ನೂ ತಡೆಯುತ್ತದೆಂದು ಲಕ್ಷಾಂತರ ಎಕರೆಗೆ ಹರಡಿತು, ಆದರೆ ಅದನ್ನು ಮೇಯ್ದ ದನಗಳು ಬೇಸಗೆಯಲ್ಲಿ ಏದುಸಿರು ಬಿಡುತ್ತಿದ್ದವು, ಹಾಲು ಕಡಿಮೆಯಾಗುತ್ತಿತ್ತು, ಚಳಿಗಾಲದಲ್ಲಿ ಕೆಲವಕ್ಕೆ ಗೊರಸಿನ ಭಾಗ ಕೊಳೆಯುತ್ತಿತ್ತು. 1970ರ ದಶಕದಲ್ಲಿ ಇದರ ಕಾರಣ ಹುಲ್ಲಿನೊಳಗೆ ಹೊರಗೆ ಕಾಣದಂತೆ ವಾಸಿಸುವ ಒಂದು ಶಿಲೀಂಧ್ರವೆಂದು ತಿಳಿಯಿತು. ಅದು ಉತ್ಪಾದಿಸುವ ವಿಷವಸ್ತುಗಳು ಕೀಟಗಳನ್ನು ದೂರವಿಡುವುದರಿಂದ ಹಾಸಿಗೆ ಒಳ್ಳೆಯದೆಂದು ಹುಲ್ಲುಹಾಸಿನ ಹಲವು ಫೆಸ್ಕ್ಯೂ ಮತ್ತು ರೈ ತಳಿಗಳಲ್ಲಿ ಆ ಶಿಲೀಂಧ್ರವನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡಿದ್ದಾರೆ. ಕತ್ತರಿಸಿದ ಹುಲ್ಲನ್ನು ಸಹಜವಾಗಿಯೇ ಹಸುವಿನ ಮುಂದೆ ಹಾಕುವ ಈ ಸೀಮೆಯಲ್ಲಿ ಅಂಥ ಬೀಜವನ್ನು ಬಿತ್ತುವುದು ನಿರಪಾಯವೆಂದು ಹೇಳಲಾಗದು. ಗರಿಕೆಯ ವಿಷಯದಲ್ಲಿ ಈ ಆತಂಕವಿಲ್ಲ, ಅದು ದನ, ಕುರಿ, ಮೊಲಗಳ ಅಚ್ಚುಮೆಚ್ಚಿನ ಮೇವು. ಔಷಧಿ ಸಿಂಪಡಿಸಿದ ಹಾಸಿನ ಹುಲ್ಲನ್ನು ಮಾತ್ರ ಹಾಕಬಾರದು.

ಹೊರದೇಶದಿಂದ ಬರುವಾಗ ಪೆಟ್ಟಿಗೆಯಲ್ಲಿ ಬೀಜವನ್ನು ತರುವ ವಿಷಯದಲ್ಲಿ ಕಾನೂನೂ ಸ್ಪಷ್ಟವಾಗಿದೆ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಬಿತ್ತನೆಯ ಬೀಜವನ್ನು ಭಾರತಕ್ಕೆ ತರಲು ಆಮದು ಪರವಾನಗಿಯೂ, ಹೊರಟ ದೇಶದ ಅಧಿಕಾರಿಗಳು ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಪ್ರೀತಿಯ ಕಾಣಿಕೆಯಾಗಿ ಬಂದ ಒಂದು ಹಿಡಿ ಬೀಜದ ಜೊತೆಯಲ್ಲಿ ಪಾರ್ಥೇನಿಯಮ್ಮಿನಂಥ ಇನ್ನೊಂದು ಕಳೆಯೋ, ಭತ್ತದ ಗದ್ದೆಗೆ ಹೊಸದಾದ ರೋಗವೋ ಬಂದರೆ ಅದರ ಬೆಲೆಯನ್ನು ತೆರಬೇಕಾದವರು ಸುತ್ತಲಿನ ರೈತರೇ ಆಗುತ್ತಾರೆ.

ಕಾನೂನುಬದ್ಧವಾಗಿ ದೊರೆತ ಬೀಜವನ್ನೇ ಬಿತ್ತಿದರೂ ಫಲವೇನೆಂಬುದನ್ನು ಹವೆಯ ಅಂಕಿಗಳೇ ಹೇಳುತ್ತವೆ. ಶ್ರೀರಂಗಪಟ್ಟಣವು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದ್ದರೆ ತಂಪು ಹವೆಯ ಉದಕಮಂಡಲವು 2,200 ಮೀಟರಿಗೂ ಮೇಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕಿರಂಗೂರಿನ ಕಡೆ ಉಷ್ಣತೆ ಸುಮಾರು 16 ಡಿಗ್ರಿಗೆ ಇಳಿದರೂ ಹಗಲು 28 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಏಪ್ರಿಲಿನಲ್ಲಿ ಅದು 34, 35 ಡಿಗ್ರಿ. ನವೆಂಬರಿನಲ್ಲಿ ಬಿತ್ತಿದ ರೈ ಹುಲ್ಲು ಫೆಬ್ರವರಿಯವರೆಗೆ ಕಣ್ಣಿಗೆ ಹಬ್ಬವಾಗಿ ನಿಂತು, ಮಾರ್ಚಿನಲ್ಲಿ ಮಬ್ಬಾಗಿ, ಏಪ್ರಿಲಿನಲ್ಲಿ ಬೇರುಸಹಿತ ಸಾಯುವುದು ಇದರ ಸಹಜ ಪರಿಣಾಮ. ನೀರು ಹೆಚ್ಚು ಕೊಟ್ಟು ಉಳಿಸುವ ಯತ್ನವೂ ಫಲಿಸುವುದಿಲ್ಲ, ಬಿಸಿಯಾದ ಒದ್ದೆ ಮಣ್ಣಿನಲ್ಲಿ ಆ ಬೇರು ಇನ್ನೂ ಬೇಗ ಕೊಳೆಯುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಕಂದಾಗುವ ಬರ್ಮುಡಾ ಹಾಸಿನ ಮೇಲೆ ರೈ ಬೀಜ ಚೆಲ್ಲಿ ಕೆಲವು ತಿಂಗಳ ಹಸಿರನ್ನು ಪಡೆಯುವ ಕ್ರಮವಿದೆ. ಕಾವೇರಿಯ ಬಯಲಿನಲ್ಲಿ ಗರಿಕೆ ಚಳಿಗೆ ಕಂದಾಗುವಷ್ಟು ಮಲಗುವುದೇ ಇಲ್ಲವಾದ್ದರಿಂದ ಆ ಕ್ರಮಕ್ಕೆ ಇಲ್ಲಿ ಅರ್ಥವಿಲ್ಲ.

ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗಿನ ಸುತ್ತಲಿನ ಹಸಿರಾಗಲಿ, ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ 1932ರ ವೇಳೆಗೆ ರೂಪುಗೊಂಡ ಕೃಷ್ಣರಾಜಸಾಗರದ ಬೃಂದಾವನದ ಹುಲ್ಲುಹಾಸಾಗಲಿ ತಂಪುನಾಡಿನ ಹುಲ್ಲನ್ನು ನಂಬಿ ನಿಂತವಲ್ಲ. ಈ ಸೀಮೆಗೆ ಒಪ್ಪುವುದು ಗರಿಕೆಯೇ; ಅಂಗಳದ ಅಳತೆ ಒಂದೆರಡು ಗುಂಟೆಯಷ್ಟೇ ಆದರೂ ಗರಿಕೆಯ ಆರೈಕೆಯ ಕ್ರಮ ಬೇರೆಯಲ್ಲ. ನೆಲವನ್ನು 25ರಿಂದ 30 ಸೆಂಟಿಮೀಟರ್ ಆಳಕ್ಕೆ ಅಗೆದು, ನೀರು ಹಾಯಿಸಿ, ಕಳೆ ಮೊಳೆಯಲು ಬಿಟ್ಟು ಕಿತ್ತು, ಇದನ್ನು ಎರಡು ಮೂರು ಬಾರಿ ಮಾಡಬೇಕು. ಕೊನ್ನಾರಿ ಗಡ್ಡೆಯನ್ನು ಈ ಹಂತದಲ್ಲಿ ಆರಿಸಿ ತೆಗೆಯದಿದ್ದರೆ ಮುಂದೆ ಹಾಸಿನ ನಡುವಿನಿಂದ ಅದನ್ನು ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಕೊನ್ನಾರಿಯ ಕಾಂಡವನ್ನು ಬೆರಳಿನಲ್ಲಿ ಹೊರಳಿಸಿದರೆ ಮೂರು ಏಣು ತಾಕುತ್ತವೆ, ಹುಲ್ಲಿನ ಕಾಂಡಕ್ಕೆ ಆ ಏಣುಗಳಿಲ್ಲ. ಗುರುತಿಗೆ ಇದಕ್ಕಿಂತ ಸುಲಭವಾದ ಲಕ್ಷಣ ಬೇಡ. ಚದರ ಮೀಟರಿಗೆ ನಾಲ್ಕೈದು ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಮಟ್ಟ ಮಾಡಿ, ಮುಂಗಾರು ಹಿಡಿದಾಗ ಬೇರಿರುವ ಗರಿಕೆಯ ಹಂಬುಗಳನ್ನು 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ಊರಬೇಕು. ಹಂಬನ್ನು ತುಂಡರಿಸಿ ಮಣ್ಣು, ಹಸಿ ಸಗಣಿಯ ಬಗ್ಗಡದಲ್ಲಿ ಕಲಸಿ ತೆಳುವಾಗಿ ಹರಡುವ ಪದ್ಧತಿಯೂ ಇದೆ. ಜಾಗ ದೊಡ್ಡದಿದ್ದಾಗ ಅದು ಅನುಕೂಲ.

ನೀರಿನ ಲೆಕ್ಕ ನಾಗಮಂಗಲದಂಥ ಮಳೆಯಾಶ್ರಿತ ತಾಲ್ಲೂಕಿನಲ್ಲಿ ಗಂಭೀರವಾದದ್ದು. ವಾರಕ್ಕೆ 25 ಮಿಲಿಮೀಟರ್ ನೀರೆಂದರೆ ಚದರ ಮೀಟರಿಗೆ 25 ಲೀಟರ್, ಗುಂಟೆಗೆ ಸುಮಾರು 2,500 ಲೀಟರ್; ಕುಡಿಯುವ ನೀರಿಗೆ ಕಾಯುವ ಊರಿನಲ್ಲಿ ಇಷ್ಟನ್ನು ಹಾಸಿಗೆ ಸುರಿಯುವುದು ನ್ಯಾಯವಲ್ಲ. ನೀರು ನಿಲ್ಲಿಸಿದರೆ ಗರಿಕೆ ಒಣಗಿದಂತೆ ಕಂಡರೂ ನೆಲದೊಳಗಿನ ಕಾಂಡ ಜೀವ ಹಿಡಿದಿದ್ದು ಮೊದಲ ಮಳೆಗೆ ಚಿಗುರುತ್ತದೆ, ಆದ್ದರಿಂದ ಬೇಸಗೆಯಲ್ಲಿ ಅದನ್ನು ಒಣಗಲು ಬಿಡುವುದೇ ಅಲ್ಲಿ ಸರಿಯಾದ ಆರೈಕೆ. ನಾಲೆಯ ಬಯಲಿನ ತಾಲ್ಲೂಕುಗಳಲ್ಲಿ ತೊಂದರೆ ಬೇರೆ ಬಗೆಯದು: ನೀರು ಬಸಿಯದೆ ನಿಂತ ಕಡೆ ಮಣ್ಣು ಚೌಳಾಗಿರುತ್ತದೆ. ಗರಿಕೆಯು ಸಾಕಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ, ಬ್ಲೂಗ್ರಾಸ್ ತಾಳದು. ಆದರೂ ನೆಡುವ ಮೊದಲು ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣನ್ನು ತೋರಿಸುವುದು ಲೇಸು. ಮರದ ದಟ್ಟ ನೆರಳನ್ನು ಮಾತ್ರ ಗರಿಕೆ ಸಹಿಸುವುದಿಲ್ಲ, ಅಂಥ ಜಾಗದಲ್ಲಿ ಅಗಲ ಎಲೆಯ ಕಾರ್ಪೆಟ್ ಹುಲ್ಲನ್ನು ಹಾಕಬಹುದು.

ಗರಿಕೆಯನ್ನು ಎರಡರಿಂದ ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ ಕತ್ತರಿಸಬೇಕು. ಫೆಸ್ಕ್ಯೂವಿನಷ್ಟು ಎತ್ತರ ಬಿಟ್ಟರೆ ಕೆಳಗಿನ ಕಾಂಡ ಬೋಳಾಗಿ, ಕತ್ತರಿಸಿದಾಗ ಕಂದುಬಣ್ಣ ತೋರುತ್ತದೆ. ಗೊಬ್ಬರದ ಕಾಲವೂ ತಂಪುನಾಡಿನದಕ್ಕೆ ವಿರುದ್ಧ. ಬೆಳವಣಿಗೆ ಬಿರುಸಾಗಿರುವ ಮೇ ತಿಂಗಳ ಮಳೆಯಿಂದ ಅಕ್ಟೋಬರ್‌ವರೆಗೆ, ಒಮ್ಮೆಗೆ ಚದರ ಮೀಟರಿಗೆ 5 ಗ್ರಾಂ ಸಾರಜನಕ, ಅಂದರೆ ಸುಮಾರು 11 ಗ್ರಾಂ ಯೂರಿಯವನ್ನು ಕೊಟ್ಟು ಕೂಡಲೇ ನೀರು ಹಾಯಿಸಬೇಕು. ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಶ್ರೀರಂಗಪಟ್ಟಣದ ದಸರಾ ಸಮಯದಲ್ಲಿ ಜನ ಸೇರುವ ಅಂಗಳ, ಶಾಲೆಯ ಮೈದಾನ, ಉದ್ಯಾನಗಳ ಹಾಸನ್ನು ನೋಡಿಕೊಳ್ಳುವವರು, ಆ ತುಳಿತವನ್ನು ತಾಳಲು ಆರೇಳು ವಾರ ಮೊದಲೇ ಒಂದು ಕಂತು ಗೊಬ್ಬರ ಕೊಟ್ಟಿರಬೇಕು. ದಸರಾ ಮುಗಿದ ಮೇಲೆ ಬಿಗಿದ ನೆಲವನ್ನು ಮೊನಚು ಹಲ್ಲಿನ ಕವಲುಗೋಲಿನಿಂದ ಏಳೆಂಟು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಮರಳು ಬೆರೆಸಿದ ಗೊಬ್ಬರದ ಪುಡಿಯನ್ನು ತೂತುಗಳಿಗೆ ಇಳಿಯುವಂತೆ ಗುಡಿಸಿ, ಹಿಂಗಾರಿನ ಮಳೆ ನಿಲ್ಲುವುದರೊಳಗೆ ಬೋಳಾದ ಕಡೆಗಳಿಗೆ ಪಕ್ಕದ ಹಂಬನ್ನೇ ಕಿತ್ತು ಊರಬೇಕು.